ಹೊಳ್ಳಿ ಹೊಳ್ಳಿ ಬಂದ ಬಟ್ಟಲು

ಏಳು ಬೆಟ್ಟ ಹತ್ತಿ, ಏಳು ಹೊಳೆ ದಾಟಿದರೆ ಸಿಗುವ ರಾಜ್ಯದಲ್ಲಿ ಒಂದು ಬಟ್ಟಲು ಇತ್ತಂತೆ. ಯಾರಿಗೆ ಕೊಟ್ಟು ಬಂದರೂ ಅದು ತುಂಬಿಕೊಂಡು ಹೊಳ್ಳಿ ಬರುತ್ತಿತ್ತಂತೆ.

ಕತೆಯಲ್ಲಾದರೆ ಚಂದ. ಆದರೆ ಆ ಹಿತ್ತಾಳೆ ಬಟ್ಟಲು ಈಗ ಕಳಕವ್ವನ ಕೈಯಲ್ಲೇ ಇತ್ತು, ಅದೂ ಮತ್ತೆ ತುಂಬಿಕೊಂಡು. ತಾವು ಇಳಿದುಕೊಂಡಿದ್ದ ಧರ್ಮಶಾಲೆಯ ಮೆಟ್ಟಿಲು ಧಪಧಪ ಹತ್ತಿ ಬಂದವಳೇ ಅದನ್ನು ಆಯಿಯ ಮುಂದೆ ಕುಕ್ಕಿದಳು.

“ಎದುರು ಮನಿಯಾಕಿ ಮತ್ತ ಅವಲಕ್ಕಿ ಹಾಕ್ಯಾಳ. ಈ ಊರ ಮಂದಿಗಿ ಬ್ಯಾರೆ ಕೆಲಸ ಇಲ್ಲೇನು?”

ಕಳಕವ್ವ ರೋಣದ ಹತ್ತಿ ವ್ಯಾಪಾರಿ ಈಶಪ್ಪನ ಮಗಳು. ಆಯಿ ಎಂದರೆ ಅವಳ ಅಜ್ಜಿ ಮುದುಕವ್ವ. ಶಿವರಾತ್ರಿಗೆ ಪಶುಪತಿನಾಥನನ್ನು ನೋಡಲೇಬೇಕೆಂದು ಆಯಿ ಹಟ ಹಿಡಿದದ್ದಕ್ಕೆ ಅಪ್ಪ ಇಬ್ಬರನ್ನೂ ನೇಪಾಳಕ್ಕೆ ಕರೆತಂದಿದ್ದ. ರೈಲು ಮುಗಿದ ಮೇಲೆ ಬೆಟ್ಟ, ಬೆಟ್ಟ ಮುಗಿದ ಮೇಲೆ ಇನ್ನೊಂದು ಬೆಟ್ಟ. ಆಯಿ ಹಮಾಲನ ಬೆನ್ನಿನ ಬುಟ್ಟಿಯಲ್ಲಿ ರಾಣಿಯ ಹಾಗೆ ಕುಳಿತು ಬಂದಳು. ಕಳಕವ್ವ ನಡೆದಳು.

ಪರದೇಶ ಅಂದರೆ ಅರಮನೆ, ಮೋಟಾರು, ಬಣ್ಣದ ಲೈಟು ಎಂದುಕೊಂಡಿದ್ದಳು. ಸಿಕ್ಕಿದ್ದು ಚಳಿ, ಹೊಗೆ, ತಲೆ ಬಡಿಯುವ ಗಿಡ್ಡ ಬಾಗಿಲು. ಇದಕ್ಕಿಂತ ರೋಣದ ಸಂತೆ ಎಷ್ಟೋ ವಾಸಿ. ಭೂಗೋಳದ ಮಾಸ್ತರು ಈ ದೇಶವನ್ನು ಯಾಕೆ ಅಷ್ಟು ಹೊಗಳುತ್ತಾರೋ ಎಂದು ಮೂಗು ಮುರಿದಳು.

ಬಟ್ಟಲಿನ ಗೋಳು ಶುರುವಾಗಿದ್ದೂ ಆ ಮೂಗಿನಿಂದಲೇ.

ಬಂದ ದಿನ, ಎದುರು ಮನೆಯ ಹೆಂಗಸು ಬೊಗಸೆ ತುಂಬ ಅವಲಕ್ಕಿ ಹಿಡಿದು ಬಂದಿದ್ದಳು. ಪರಕರದ ಅಂಚು ಎತ್ತಿ ಉಡಿ ಒಡ್ಡು ಎಂದಳು ಆಯಿ. ಉಡಿಯಲ್ಲಿ ಹಾಕಿಸಿಕೊಂಡರೆ ಆ ಮನೆಯ ಮಗಳಾದ ಹಾಗೆ. ಕಳಕವ್ವ ಕೈ ಹಿಂದಕ್ಕೆ ಕಟ್ಟಿ ನಿಂತಳು.

“ಉಡಿ ತುಂಬಾಕ ಇಕೀ ಏನ್ ನಮ್ಮ ಸೋದರತ್ತಿಯೇನು? ಹೆಸರ ಸೈತ ಗೊತ್ತಿಲ್ಲ.”

ಆ ಹೆಂಗಸಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ತನ್ನ ಮನೆಗೆ ಹೋಗಿ ಅವಲಕ್ಕಿಯನ್ನು ಬಟ್ಟಲಲ್ಲಿ ಹಾಕಿ ತಂದಳು.

ಮಂದಿಯ ಪಾತ್ರೆಯನ್ನು ಬರಿದಾಗಿ ಮರಳಿಸುವವರು ರೋಣದಲ್ಲಿ ಯಾರಿದ್ದಾರೆ? ಆಯಿ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ ಹಾಕಿ ಕಳಿಸಿದಳು. ಆ ಮನೆಯಲ್ಲೂ ಅದೇ ರಿವಾಜು ಇರಬೇಕೇ! ಬಟ್ಟಲು ಹುರಿದ ಗೋವಿನಜೋಳ ಹೊತ್ತು ಬಂತು. ಶೇಂಗಾ ಉಂಡಿ ಹೋಯಿತು, ಆಲೂಗಡ್ಡೆ ಬಂತು. ಮೆಟ್ಟಿಲು ಹತ್ತಿ ಇಳಿಯುವ ಕೆಲಸವೆಲ್ಲ ಕಳಕವ್ವನದು. ಆ ಹೆಂಗಸು ಹಿಂಡಿ ಹಚ್ಚಿಕೊಳ್ಳದೆ ಬರೀ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿನ್ನುವುದನ್ನು ಕಂಡು, ತಿನ್ನಲಿಕ್ಕೂ ಬರೋದಿಲ್ಲ ಎಂದು ನಕ್ಕಳು.

ಅಷ್ಟರಲ್ಲಿ ಆಯಿ ಎದುರು ಕಟ್ಟೆಗೇ ಹೋಗಿ ಕೂರತೊಡಗಿದ್ದಳು. ಆಕೆಯ ಹೆಸರು ದಿಲ್‌ಮಾಯಾ ಎಂದೂ ಪತ್ತೆ ಮಾಡಿದಳು. ಇವಳದು ಕನ್ನಡ, ಅವಳದು ಅವಳ ಭಾಷೆ. ಒಬ್ಬರಿಗೊಬ್ಬರು ಊದಿದ ಮೊಣಕಾಲು ತೋರಿಸಿಕೊಂಡು ನಗುತ್ತಿದ್ದರು.

“ಆಕಿ ಮಾತು ನಿನಗೇನ್ ತಿಳೀತೈತಿ?” ಎಂದು ಕಳಕವ್ವ ಹಂಗಿಸಿದಳು.

“ನನ್ನ ಮೊಣಕಾಲ ಆಕೀಗಿ ತಿಳದೈತಿ, ಸಾಕ.”

ಇವತ್ತು ಹೊರಡುವ ದಿನ. ಜೊತೆಯ ಯಾತ್ರಿಕರು ಆಗಲೇ ದಾರಿ ಹಿಡಿದಿದ್ದರು. ಆಯಿ ಅವಲಕ್ಕಿಯನ್ನು ಬಟ್ಟೆಗೆ ಸುರಿದುಕೊಂಡು, ಗಂಟಿನ ತಳದಲ್ಲಿ ಉಳಿದಿದ್ದ ಒಂದು ಹಿಡಿ ಬಿಳಿಜೋಳವನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ಗಂಟಿನ ಮೇಲೆ ಗಟ್ಟಿಯಾಗಿ ಕುಳಿತಳು.

“ಮಂದಿ ಭಾಂಡೆ ಹೊತಗೊಂಡು ನಾ ಹೊಸ್ತಿಲಾ ದಾಟಂಗಿಲ್ಲ.”

“ಯವ್ವಾ, ಎಲ್ಲಾರೂ ಹೋದ್ರು,” ಎಂದ ಅಪ್ಪ. “ನಾವಷ್ಟ ಹಿಂದ ಉಳದ್ರ ಆ ಗುಡ್ಡದಾಗ ದಾರಿ ತೋರಸವ್ರು ಯಾರು?”

ಆಯಿ ಅಲುಗಲಿಲ್ಲ. ಕಳಕವ್ವ ಬಟ್ಟಲು ಎತ್ತಿಕೊಂಡಳು.

“ನಾ ಕೊಟ್ಟು ಬರ್ತೀನಿ. ಈ ಸಲ ಹೊಳ್ಳಿ ತರಂಗಿಲ್ಲ, ನಿನ್ನಾಣಿ.”

ಉಪಾಯ ಸುಲಭವಾಗಿತ್ತು. ಹೊಸ್ತಿಲ ಮೇಲೆ ಇಡುವುದು, ಓಡುವುದು. ಹಾಗೇ ಮಾಡಿದಳು. ಆದರೆ ಕಟ್ಟೆ ಇಳಿಯುವಷ್ಟರಲ್ಲಿ ಬಾಗಿಲು ಕಿರ್ ಎಂದಿತು. ತಿರುಗಿ ನೋಡಿದಳು.

ದಿಲ್‌ಮಾಯಾ ಬಗ್ಗಿ ಹೊರಗೆ ಬಂದಳು. ಅವಳ ಕೈಯಲ್ಲಿ ಆಗಲೇ ಹುರಿದ ಗೋವಿನಜೋಳದ ಮೊರ ಇತ್ತು. ಅದನ್ನು ಕೆಳಗಿಟ್ಟು ಬಟ್ಟಲು ಎತ್ತಿಕೊಂಡಳು. ಬಿಳಿಜೋಳವನ್ನು ಮೂಸಿದಳು. ಆಮೇಲೆ ಸೀರೆಯ ಸೆರಗನ್ನು ಒಡ್ಡಿ, ಒಂದು ಕಾಳೂ ಬೀಳದಂತೆ ಅದರಲ್ಲಿ ಸುರಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ರೋಣ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಕಳಕವ್ವ ನೋಡುತ್ತ ನಿಂತುಬಿಟ್ಟಳು.

ದಿಲ್‌ಮಾಯಾ ಬರಿದಾದ ಬಟ್ಟಲನ್ನು ಮೊರದತ್ತ ಒಯ್ದಳು. ಕಳಕವ್ವ ಓಡಿ ಬಂದು ಅವಳ ಕೈ ಹಿಡಿದಳು, ಬಟ್ಟಲು ತೆಗೆದು ಹೊಸ್ತಿಲ ಮೇಲಿಟ್ಟಳು. ಪರಕರದ ಅಂಚನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು.

“ಕಳಕವ್ವ,” ಎಂದಳು ಮೆಲ್ಲಗೆ. “ನನ್ನ ಹೆಸರ.”

“ಕಳಕವ್ವ,” ಎಂದಳು ದಿಲ್‌ಮಾಯಾ, ತುಸು ತಡವರಿಸಿ.

ಬಿಸಿ ಬಿಸಿ ಕಾಳು ಉಡಿಗೆ ಬಿತ್ತು. ಕಳಕವ್ವ ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಮೆಟ್ಟಿಲು ಹತ್ತಿದಳು, ಈ ಸಲ ಸದ್ದಿಲ್ಲದೆ. ಆಯಿ ಅವಳ ಕೈ ನೋಡಿದಳು, ಉಡಿ ನೋಡಿದಳು. ಗಂಟಿನಿಂದ ಎದ್ದಳು.

ಎದುರು ಮನೆಯ ಹೊಸ್ತಿಲ ಮೇಲೆ ಬಟ್ಟಲು ಖಾಲಿಯಾಗಿ ಕುಳಿತಿತ್ತು.