ಎಡಹುಬ್ಬಿನ ದಿನ

"ಇವತ್ತು ಎಲ್ಲಿಗೆ ಬಂದಿದೀರಿ?" ಗೆಸೀನಾ ಕೇಳಿದಳು.

"ಎಡಹುಬ್ಬಿಗೆ," ಎಂದ ಯೋಖೆನ್. "ತುಟಿಗೆ ನಾಳೆ ಬರ್ತೀನಿ, ಅವಸರ ಮಾಡ್ಬೇಡಿ."

ಜರ್ಮನಿಯ ಟ್ಯೂಬಿಂಗನ್ನಿನ ಕಣ್ಣಿನ ಸಂಶೋಧನಾಲಯವೊಂದರಲ್ಲಿ ಅವಳು ಸಂಶೋಧಕಿ; ಅಲ್ಲಿನ ವರ್ಕ್‌ಶಾಪಿನಲ್ಲಿ ಅವನ ಕೆಲಸ. ಕಾಯಿಲೆಯಿಂದ ಅವನ ನೋಟ ಕಿರಿದಾಗುತ್ತಾ ಹೋಗಿ ಕೀಲಿಕಂಡಿಯಷ್ಟಾಗಿತ್ತು. ಅವಳ ಮುಖವನ್ನೂ ಚೂರುಚೂರಾಗಿಯೇ ನೋಡಬೇಕು; ದಿನಕ್ಕೊಂದು ಚೂರು ಎಂಬುದು ಅವನ ತಮಾಷೆ. ಹಾಗೆ ನೋಡಿಸಿಕೊಂಡವಳ ಕೆನ್ನೆ ಬಿಸಿಯಾಗದೆ ಇರುತ್ತದೆಯೇ? ಆದರೂ ಇಬ್ಬರೂ ಇನ್ನೂ ‘ನೀವು’ ಬಿಟ್ಟಿರಲಿಲ್ಲ. ‘ನೀನು’ ಅನ್ನಲು ಅಲ್ಲಿ ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು.

ಮೇಜಿನ ಮೇಲಿದ್ದ ಚಿಪ್‌ನ ತುಂಬ ಕೂದಲಿಗಿಂತ ಸಣ್ಣ ಎಲೆಕ್ಟ್ರೋಡ್‌ಗಳು. ಅವುಗಳ ಮೇಲೆ, ಬೆಚ್ಚಗಿನ ಉಪ್ಪುನೀರಿನಲ್ಲಿ, ಇಲಿಯ ಕಣ್ಣಿನ ಒಳಪರದೆಯ, ರೆಟಿನಾದ, ಒಂದು ಚೂರು. ಸಂಜೆಯವರೆಗೆ ಅದಕ್ಕೆ ಜೀವ. ಅದಕ್ಕೂ ಅವನದೇ ಕಾಯಿಲೆ. ಬೆಳಕು ಕಾಣದ ಆ ಚೂರು ವಿದ್ಯುತ್ತಿನ ಸಣ್ಣ ಚುಚ್ಚಿಗೆ ಉತ್ತರ ಕೊಟ್ಟರೆ, ಎಂದಾದರೂ ಅವನ ಕಣ್ಣೂ ಕೊಟ್ಟೀತು. ಇದುವರೆಗಿನ ಚೂರುಗಳೆಲ್ಲ ತುಟಿ ಬಿಚ್ಚದೆ ಸತ್ತಿದ್ದವು.

ಬ್ರೆಟ್ಸೆಲ್ ಬ್ರೆಡ್ಡಿನ ಪೊಟ್ಟಣವನ್ನು ಬಾಗಿಲ ಬಳಿ ಇಟ್ಟು ಅವನು ಪಕ್ಕಕ್ಕೆ ಬಂದು ನಿಂತ. ಅವಳು ಗುಂಡಿ ಒತ್ತಿದಳು. ಪರದೆಯ ತುಂಬ ಗೆರೆಗಳು ಚಿಮ್ಮಿದವು.

"ಬಂತು! ಯೋಖೆನ್, ಉತ್ತರ ಬಂತು!" ಅವನ ತೋಳು ಹಿಡಿದು ಕುಣಿದೇಬಿಟ್ಟಳು.

ಮತ್ತೆ ನೋಡಿದರೆ, ಗುಂಡಿ ಒತ್ತದಿದ್ದರೂ ಗೆರೆಗಳು ಚಿಮ್ಮುತ್ತಿವೆ, ಎಲ್ಲ ಎಲೆಕ್ಟ್ರೋಡ್‌ಗಳಲ್ಲೂ ಒಂದೇ ಥರ. ಜೀವಕೋಶಗಳು ಹಾಗೆ ಮಾಡುವುದಿಲ್ಲ. ಇದು ಹೊರಗಿನ ಯಾವುದೋ ಅಲೆ.

"ಜೇಬಲ್ಲಿ ಮೊಬೈಲ್ ಇದೆಯಾ?"

ಅವನ ಮುಖ ಕಪ್ಪಿಟ್ಟಿತು. ‘ಮೊಬೈಲ್ ಹೊರಗಿಡಿ’ ಎಂಬ ಬೋರ್ಡನ್ನು ಆ ಬಾಗಿಲಿಗೆ ಹೊಡೆದವನೇ ಅವನು.

"ಬೋರ್ಡ್ ಹೊಡೆದವರೇ ಹೀಗ್ಮಾಡಿದ್ರೆ?"

"ಅದಿಲ್ದೆ ಈಗ ಆಗ್ತಿಲ್ಲ," ಎಂದ ಮೆಲ್ಲಗೆ. "ಬೇಕರೀಲಿ ಬೆಲೆ ಅದೇ ಓದಿ ಹೇಳ್ಬೇಕು. ನಿಮ್ಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಮೊಬೈಲ್ ಹೊರಗೆ ಹೋಯಿತು. ಗೆರೆಗಳು ಮಲಗಿದವು. ಅವಳು ಮತ್ತೆ ಮತ್ತೆ ಒತ್ತಿದಳು. ಏನೂ ಇಲ್ಲ. ಸಂಜೆಯ ಹೊತ್ತಿಗೆ ಆ ಚೂರೂ ಸತ್ತಿತು, ಅವಳ ಕೈ ಗುಂಡಿಯ ಮೇಲೆಯೇ ಇತ್ತು.

"ನನ್ ಕೈಲಿ ಏನೂ ಆಗ್ತಿಲ್ಲ, ಯೋಖೆನ್. ನಿಮ್ಮ ಕಣ್ಣು ಉಳಿಸೋಕಾಗಲ್ಲ. ಆದ್ರೂ ಆ ಕಣ್ಣೆದುರಿಗೇ ಇರ್ಬೇಕು ಅನ್ಸತ್ತೆ, ಅದಕ್ಕೆ ಕತ್ತಲಾದ್ಮೇಲೂ." ಅವಳು ಗುಂಡಿಯಿಂದ ಕೈ ತೆಗೆದಳು. "‘ನೀನು’ ಅನ್ಲಾ?"

ಅವನು ದನಿಯತ್ತ ತಿರುಗಿ ಕಣ್ಣಲ್ಲೇ ತಡಕಾಡಿದ.

"ಅನ್ನು. ಆದ್ರೆ ಸ್ವಲ್ಪ ಎಡಕ್ಕೆ ಬಾ, ಕಾಣಿಸ್ತಿಲ್ಲ."

ಅವಳು ಸರಿದಳು.

"ಇನ್ನೂ ಸ್ವಲ್ಪ."

ಉಸಿರು ತಾಗುವಷ್ಟು ಹತ್ತಿರ ಬಂದಳು.

"ಹಾಂ, ಸಿಕ್ಕಿದೆ ನೀನು," ಎಂದ. "ತುಟೀನ ನಾಳೆಗೆ ಇಡಲ್ಲ, ಗೆಸೀನಾ. ಇವತ್ತೇ ನೋಡ್ಬಿಡ್ತೀನಿ."