ಹೆಸರು ಹೇಳಿ ಒಳಗ ಬಾ

ನಾನು ಅವರಿಗೆ ಆಡಿದ ಮೊದಲ ಮಾತೇ ಬೈಗುಳ.

ಕಲಬುರಗಿಯ ಕುಸನೂರ ರಸ್ತೆಯಲ್ಲಿ ಒಂದು ಮದುವೆ ಹಾಲ್ ಬಾಡಿಗೆಗೆ ಹಿಡಿದು 'ಹೊಸ್ತಿಲ ಈಚೆ' ಸಿನಿಮಾಕ್ಕೆ ಆಡಿಷನ್ ನಡೆಸುತ್ತಿದ್ದೆವು. ನಮ್ಮ ಕಡೆ ಆ ಕಾದಂಬರಿ ಓದದವರು ಕಡಿಮೆ. ಅದರ ಗಂಗವ್ವ, ಅವಳನ್ನು ಮೆಚ್ಚಿ ಕಮಲಾಪುರಕ್ಕೆ ಮದುವೆಯಾಗಿ ಕರೆತಂದ ಚನ್ನಬಸವ, ಇಬ್ಬರೂ ಕಲಬುರಗಿ ಮಂದಿಗೆ ನೆಂಟರಿದ್ದ ಹಾಗೆ. ಬೆಂಗಳೂರಿನಿಂದ ಬಂದ ನಿರ್ದೇಶಕ ಸುನೀಲಕುಮಾರ್ ಸರ್‌ಗೆ ಇಲ್ಲಿಯ ಮುಖಗಳೇ ಬೇಕಿತ್ತು, ಇಲ್ಲಿಯ ಮಾತೇ ಬೇಕಿತ್ತು. ಹುಡುಕುವ ಕೆಲಸ ನನ್ನದು. ನಾನು ಮಲ್ಲಿಕಾ, ಇದೇ ಊರಿನ ಐವಾನ್-ಎ-ಶಾಹಿ ಕಡೆಯವಳು, ಕಾಲೇಜು ಹುಡುಗರಿಂದ ನಾಟಕ ಮಾಡಿಸುವವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಆ ದಿನ ಬಾಗಿಲ ಹತ್ತಿರ ಗೋಡೆಗೊರಗಿ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಸಿಲಿಗೆ ಕೆಂಪಾದ ಮುಖ, ಅವಸರವೇ ಇಲ್ಲದ ಕಣ್ಣು. ಚನ್ನಬಸವನ ಪಾತ್ರಕ್ಕೆ ಬಂದವರೆಂದೇ ತಿಳಿದೆ. ಹತ್ತೊಂಬತ್ತನೇ ನಂಬರಿನ ಚೀಟಿಯನ್ನು ಅಂಗಿಗೆ ಸಿಕ್ಕಿಸಿ, ಕ್ಯಾಮೆರಾ ಮುಂದೆ ನಿಲ್ಲಿಸಿ, ಕೈಗೆ ಸೀನ್ ಕೊಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು.

"ಮಾತು ಆಮ್ಯಾಲ. ಮದಲ ಓದ್ರಿ," ಅಂದೆ.

ಓದಿದರು. ಒಂದೇ ದನಿ, ಒಂದೇ ವೇಗ.

"ಏನ್ರೀ ಇದು? ಚನ್ನಬಸವ ಹೇಂತಿ ಕೂಡ ಮಾತಾಡಾಕತ್ತಾನ, ಸಾಲ್ಯಾಗ ಹಾಜರಿ ಕರಿಯಾಕತ್ತಿಲ್ಲ. ಮನ್ಯಾಗ ನಿಮ್ಮ ಹೇಂತಿ ಕೂಡನೂ ಹಿಂಗೇ ಮಾತಾಡ್ತೀರೇನು?"

"ಹೇಂತಿ ಇನ್ನಾ ಬಂದಿಲ್ರೀ," ಅಂದರು ಅವರು, ಮೆತ್ತಗೆ. "ಹಾಜರಿ ಮಾತ್ರ ದಿನಾ ಕರೀತೀನಿ. ಕಮಲಾಪುರ ಹೈಸ್ಕೂಲಿನಾಗ ಮಾಸ್ತರ ಇದ್ದೀನ್ರಿ. ನಮ್ಮ ಕಾಕಾನ ಮಗಳು ಅಂಜನಾ ಆಡಿಷನ್ನಿಗೆ ಬಂದಾಳ. ಅಕಿನ್ನ ಬಿಡಾಕ ಬಂದೇನಿ."

ಕ್ಯಾಮೆರಾ ಹಿಂದೆ ವಕಾರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

"ಮತ್ತ ಮದಲೇ ಹೇಳಬಾರದೇನ್ರೀ?"

"ಮಾತು ಆಮ್ಯಾಲ ಅಂದ್ರಲ್ರೀ ನೀವು."

ಚೀಟಿ ಬಿಚ್ಚಿ ನನಗೆ ಕೊಡುತ್ತಾರೆ ಅಂದುಕೊಂಡೆ. ಮಡಚಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು.

ಅಂಜನಾ ಅಂದೇ ಎಲ್ಲರಿಗೂ ಹಿಡಿಸಿದಳು. ಆದರೆ ನಿರ್ದೇಶಕರು ಒಬ್ಬಳನ್ನೇ ನೋಡಿ ತೀರ್ಮಾನಿಸುವವರಲ್ಲ. ಬರುವ ಹುಡುಗಿಯರ ಎದುರು ನಿಂತು ಚನ್ನಬಸವನ ಮಾತು ಓದಲು ಒಬ್ಬರು ಬೇಕಿತ್ತು. "ಆ ಮೇಷ್ಟ್ರೇ ಇರಲಿ. ಅವರ ಮುಂದೆ ಯಾವ ಹುಡುಗಿಯೂ ಹೆದರೋದಿಲ್ಲ," ಅಂದರು. ಸಾಲೆಗೆ ದಸರಾ ರಜೆ. ಮಾಸ್ತರು ದಿನಾ ಕಮಲಾಪುರದ ಬಸ್ಸಿಗೆ ಬರತೊಡಗಿದರು.

ಬಂದವರು ಮೊದಲು ನನ್ನ ಟೇಬಲ್ಲಿನ ಮೇಲೆ ಒಂದು ಕೆಂಪು ಬಾಳೆಹಣ್ಣು ಇಡುವರು, ತಮ್ಮ ತೋಟದ್ದು.

"ಇದೇನ್ರೀ?"

"ಸಿಟ್ಟಿಗೆ ಛಲೋರಿ."

"ನಂಗೇನೂ ಸಿಟ್ಟು ಬರಂಗಿಲ್ಲ."

"ಹಂಗಾದ್ರ ಹಣ್ಣು ಕೆಲಸ ಮಾಡಾಕತ್ತದ ಅನ್ರಿ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವರು ಅದನ್ನೂ ನೋಡಿದರು. ನೋಡಿಲ್ಲವೆಂಬಂತೆ ಸೀನ್ ಪೇಪರ್ ತಿರುವಿದರು.

ಈಗ ಅವರ ಓದಿನಲ್ಲಿ ಹಾಜರಿ ಕರೆಯುವ ದನಿ ಇರಲಿಲ್ಲ. ಎದುರಿಗಿದ್ದ ಹುಡುಗಿಗೆ ಓದುತ್ತಾ ಓದುತ್ತಾ, ಕೊನೆಯ ಸಾಲಿಗೆ ಬಂದಾಗ ಪೇಪರಿನ ಮೇಲಿಂದ ಕಣ್ಣೆತ್ತುವರು. "ನೀ ಬಂದ್ರ ಸಾಕು ಗಂಗೀ, ನಂಗ ಮತ್ತೇನೂ ಬ್ಯಾಡ." ಆ ಕಣ್ಣು ನೆಟ್ಟಗೆ ಕ್ಯಾಮೆರಾ ಪಕ್ಕದ ನನ್ನ ಕುರ್ಚಿಗೆ ಬರುವುದು. ನನ್ನ ಕೈಯಲ್ಲಿನ ಪೆನ್ನು ಏನು ಬರೆಯುತ್ತಿತ್ತೋ ಮರೆತುಬಿಡುವುದು.

"ಮಾಸ್ತರ್ರೇ, ಗಂಗವ್ವ ಆ ಕಡೆ ನಿಂತಾಳ," ಅಂದೆ ಒಂದು ದಿನ, ಎಲ್ಲರೂ ಚಹಾಕ್ಕೆ ಹೋದಾಗ.

"ಹೌದೇನ್ರೀ? ನಂಗ ಈ ಕಡೆ ಕುಂತಂಗ ಕಾಣಸ್ತು."

ಬೈಯಬೇಕಿತ್ತು. ಎದ್ದು ನಾನೂ ಚಹಾಕ್ಕೆ ಹೋದೆ.

ಎಲ್ಲ ಹುಡುಗಿಯರೂ ಎಡವುತ್ತಿದ್ದದ್ದು ಒಡಪಿನ ಸೀನಿನಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಹೊಸ ಸೊಸೆ ಬಂದಾಗ ಮನೆಯವರು ಬಾಗಿಲಲ್ಲೇ ತಡೆಯುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರಿಟ್ಟು ಒಡಪು ಹೇಳಿದ ಮೇಲೆ ಅಡ್ಡಗೈ ತೆಗೆಯುತ್ತಾರೆ. ಕಾದಂಬರಿಯಲ್ಲಿ ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದರೆ ಗಂಗವ್ವ ನಾಚಿ, ಹೆದರಿ, ಹೊತ್ತು ಮುಳುಗುವ ತನಕ ಹೊರಗೇ ನಿಲ್ಲುತ್ತಾಳೆ. ಮಂದಿ ಓದಿ ಕಣ್ಣೊರೆಸಿಕೊಳ್ಳುವ ಪುಟ ಅದು. ಆಡಿಷನ್ನಿನ ಹುಡುಗಿಯರು ಮಾತ್ರ ಕ್ವಿಜ್ಜಿಗೆ ಉತ್ತರ ಕೊಟ್ಟಂತೆ ಒಡಪು ಹೇಳಿ ಮುಗಿಸುತ್ತಿದ್ದರು.

"ಅಷ್ಟು ಹೊತ್ತು ಯಾಕೆ ನಿಲ್ತಾಳೆ ಇವಳು?" ನಿರ್ದೇಶಕರು ಕೇಳಿದರು.

"ಬುದ್ಧಿ ಇಲ್ಲ ಸರ್ ಅಕಿಗಿ. ಹೆಸರು ಹೇಳಿ ಒಳಗ ಹೋಗೋದು ಬಿಟ್ಟು," ಅಂದೆ ನಾನು.

"ಬುದ್ಧಿದು ಅಲ್ರೀ, ಧೈರ್ಯದ್ದು," ಅಂದರು ಮಾಸ್ತರು. "ಎಲ್ಲಾರ ಮುಂದ ಒಮ್ಮೆ ಹೆಸರು ಹೇಳಿದ ಮ್ಯಾಲ ಹಿಂದ ಸರಿಯಾಕ ಬರಂಗಿಲ್ಲ." ಆಮೇಲೆ ನನಗಷ್ಟೇ ಕೇಳುವ ಹಾಗೆ, "ನೀವೂ ನನ್ನ ಹೆಸರು ಒಮ್ಮೆನೂ ತಗೊಂಡಿಲ್ಲ ನೋಡ್ರಿ. ನಂಗೂ ಒಂದು ಹೆಸರದ."

"ಗೊತ್ತದ. ನಂಬರ್ ಹತ್ತೊಂಬತ್ತು."

ಅವರು ಜೇಬು ಮುಟ್ಟಿಕೊಂಡು ನಕ್ಕರು.

ಕೊನೆಗೆ ಅಂಜನಾಳೇ ಗಂಗವ್ವ ಎಂದು ತೀರ್ಮಾನವಾಯಿತು. ಕಮಲಾಪುರದಲ್ಲಿ ಮಾಸ್ತರರ ಮನೆಯ ಹಳೆಯ ಬಾಗಿಲು ನಿರ್ದೇಶಕರಿಗೆ ಬಹಳ ಹಿಡಿಸಿತು. ಬಾಗಿಲಿಗಿಂತ ಹೆಚ್ಚು ಹಿಡಿಸಿದವರು ಮಾಸ್ತರರ ತಾಯಿ ಮಾನಮ್ಮ. ಅತ್ತೆಯ ಪಾತ್ರ ಅವರಿಗೇ ಹೋಯಿತು. ಶನಿವಾರ ಅಲ್ಲೇ ಟೆಸ್ಟ್ ಶೂಟ್ ಎಂದಾಯಿತು.

ಶುಕ್ರವಾರ ಹಾಲ್ ಖಾಲಿ ಮಾಡಿದ ಮೇಲೆ ರಸ್ತೆಯಾಚೆ ಚಹಾ ಕುಡಿಯುತ್ತಾ ನಿಂತೆವು. ಮಾಸ್ತರು ಕಪ್ಪು ತುಟಿಗಿಡಲೇ ಇಲ್ಲ.

"ರವಿವಾರ ಸೇಡಂದವರು ಬರಾಕತ್ತಾರ್ರೀ. ಹೆಣ್ಣಿನ ಕಡೆಯವರು. ಮಾತು ಪಕ್ಕಾ ಮಾಡಿಕೊಂಡೇ ಹೋಗ್ತಾರಂತ. ಅವ್ವ ಹೂಂ ಅಂದಾಳ."

ನಾನು ನನ್ನ ಕಪ್ಪಿನ ಚಹಾ ಚೆಲ್ಲಿದೆ.

"ಬ್ಯಾಡ ಅಂತ ನಾ ಅನ್ನಬಹುದು. ಯಾಕೋ ಅಂತ ಅವ್ವ ಕೇಳ್ತಾಳ. ನನ್ನ ಮನಸು ನಂಗ ಗೊತ್ತದ. ಆದ್ರ ನಾ ಒಬ್ಬನೇ ಅಂದ್ರ ಅದು ಉತ್ತರ ಆಗಂಗಿಲ್ರೀ." ಕಣ್ಣು ನನ್ನ ಮುಖದ ಮೇಲೇ ಇತ್ತು. "ನೀವು ಏನರ ಹೇಳೋದದ ಏನು?"

ಇತ್ತು. ಆದರೆ ನನ್ನ ಬಾಯಿ ನನ್ನದಲ್ಲ.

"ನಾ ಏನು ಹೇಳಲಿ? ಹೆಣ್ಣು ಛಲೋ ಇದ್ರ ಮಾಡ್ಕೋರಿ."

ಅವರು ಕಪ್ಪನ್ನು ಕಟ್ಟೆಯ ಮೇಲಿಟ್ಟರು. "ಬರ್ತೀನ್ರಿ ಮೇಡಂ," ಅಂದು ಆಟೊ ಹತ್ತಿದರು. ಅಲ್ಲಿಯ ತನಕ ನನ್ನನ್ನು ಅವರು ಮೇಡಂ ಅಂದವರೇ ಅಲ್ಲ. ಮನೆಗೆ ಹೋಗಿ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೆ. ಗಂಗವ್ವನಿಗೆ ಬುದ್ಧಿ ಇಲ್ಲ ಅಂದವಳ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಶನಿವಾರ ಕಮಲಾಪುರದಲ್ಲಿ ಟೇಬಲ್ಲಿನ ಮೇಲೆ ಬಾಳೆಹಣ್ಣು ಇರಲಿಲ್ಲ. ಮಾಸ್ತರು ಎಲ್ಲರಿಗೂ ನೀರು ಕೊಟ್ಟರು, ನನಗೂ ಕೊಟ್ಟರು, ನನ್ನ ಮುಖ ನೋಡಲಿಲ್ಲ. ಒಳಗೆ ಪಡಸಾಲೆಯಲ್ಲಿ ಸೇಡಂದವರಿಗೆಂದು ಹೊಸ ಜಮಖಾನೆ ಆಗಲೇ ತೆಗೆದಿಟ್ಟಿದ್ದು ಕಂಡು ನನಗೆ ಅಳು ಬಂದಿತು. ಬಿಸಿಲೆಂದು ಕಣ್ಣೊರೆಸಿಕೊಂಡೆ.

ಅಂಜನಾಗೆ ಒಳಗೆ ಇಳಕಲ್ ಸೀರೆ ಉಡಿಸುತ್ತಿದ್ದರು. ಲೈಟ್ ನೋಡಿಕೊಳ್ಳಲು ಗಂಗವ್ವ ನಿಲ್ಲುವ ಜಾಗದಲ್ಲಿ ಯಾರಾದರೂ ನಿಲ್ಲಬೇಕಿತ್ತು.

"ಅಕ್ಕಾ, ಜರಾ ನೀವೇ ನಿಂದರ್ರಿ," ಅಂದ ವಕಾರ್.

ಹೊಸ್ತಿಲ ಈಚೆ ನಿಂತೆ. ಮಾಸ್ತರು ನನ್ನ ಪಕ್ಕಕ್ಕೆ, ಬಿಸಿಲನ್ನು ಬಾಗಿಲಿನತ್ತ ತಿರುಗಿಸುವ ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ನಿಂತರು. ಮಾನಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಒಂದ್ಸಲ ಪೂರ್ತಿ ಮಾಡಿಬಿಡಿ, ಸೌಂಡ್ ಕೂಡ ನೋಡೋಣ," ಅಂದರು ನಿರ್ದೇಶಕರು.

ಮಾನಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಾತ್ರದ ನೋಟವೋ ಸ್ವಂತದ್ದೋ ತಿಳಿಯಲಿಲ್ಲ.

"ಹೆಸರು ಹೇಳಿ ಒಳಗ ಬಾ," ಅಂದರು.

ಗಂಗವ್ವ ಯಾಕೆ ಅಷ್ಟು ಹೊತ್ತು ನಿಂತಳೆಂದು ನನಗೆ ಆಗ ಗೊತ್ತಾಯಿತು. ಒಡಪು ನನಗೆ ಬಾಯಿಪಾಠ, ಎಲ್ಲ ಹುಡುಗಿಯರಿಗೂ ಹೇಳಿಕೊಟ್ಟವಳು ನಾನೇ. ಚನ್ನಬಸವ ಅಂದರೆ ಕೆಲಸ ಮುಗಿಯುತ್ತದೆ. ನಾಳೆ ಆ ಜಮಖಾನೆ ಹಾಸುತ್ತಾರೆ.

"ಹೇಳವ್ವಾ," ಅಂದರು ಮಾನಮ್ಮ, ಸಣ್ಣಗೆ.

ಮಾನಮ್ಮನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ:

"ಬಾವಿ ದಂಡಿಗಿ ಬಾಗ್ಯಾದ ಕೆಂಪು ಬಾಳಿ ಗೊನಿ,
ನೀಲಕಂಠ ಇದ್ದಲ್ಲೇ ನನ್ನ ಮನಿ."

ಬಾಗಿಲ ಮೇಲಿನ ಬೆಳಕು ಗಡಗಡ ನಡುಗಿತು.

"ಮಾಸ್ತರ್, ಲೈಟ್ ಹಿಲ್ಲಾಕತ್ತದ," ಅಂದ ವಕಾರ್.

"ಕಟ್," ಅಂದರು ನಿರ್ದೇಶಕರು. "ಮಲ್ಲಿಕಾ, ಹೆಸರು ತಪ್ಪಾಯ್ತು. ಚನ್ನಬಸವ ಅನ್ನಬೇಕಿತ್ತು."

"ತಪ್ಪಾಗಿಲ್ರೀ ಸಾಹೇಬ್ರ, ನನ್ನ ಮಗನ ಹೆಸರದು," ಅಂದರು ಮಾನಮ್ಮ. ಕೈ ಇನ್ನೂ ಅಡ್ಡವೇ ಇತ್ತು. ಮಗನ ಕಡೆ ನೋಡಿದರು. ಹಲಗೆಯ ಹಿಂದೆ ಅವರ ಮುಖ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಗೆ ಕಾಣುತ್ತಿತ್ತು. "ಇಷ್ಟು ದಿನ ತ್ವಾಟದಿಂದ ಆರಿಸಿ ಆರಿಸಿ ಹಣ್ಣು ಒಯ್ದಿದ್ದು ಇಕಿಗೇ ಏನೋ?"

"ಹೌದವ್ವಾ."

"ಬಾಯಾಗ ಕಡಬು ಇಟ್ಟಿದ್ಯೇನು? ನಿನ್ನೆ ಹೇಳಾಕ ಆಗಲಿಲ್ಲ?"

"ಇವರ ಒಪ್ಪಿಗಿ ನಂಗೇ ಗೊತ್ತಿರಲಿಲ್ಲ ಅವ್ವಾ."

ಮಾನಮ್ಮ ಅಡ್ಡ ಹಿಡಿದ ಕೈ ಇಳಿಸಿದರು. "ಹೆಸರು ಹೇಳಿದಾಕಿನ್ನ ಹೊರಗ ನಿಂದರಸೋ ಪದ್ಧತಿ ನಮ್ಮ ಮನ್ಯಾಗ ಇಲ್ಲ. ಸೇಡಂದವರಿಗಿ ಫೋನ್ ಹಚ್ಚು, ಬರಬ್ಯಾಡ್ರಿ ಅಂತ ನಾನೇ ಹೇಳ್ತೀನಿ." ನನ್ನ ಕಡೆ ತಿರುಗಿದರು. "ಚಪ್ಪಲ ಬಿಟ್ಟು ಬಾ ಯವ್ವಾ, ಚಹಾ ಕುಡಿ. ಬಲಗಾಲಿಡೋದು ಮದುವಿ ಅಕ್ಕಿಕಾಳು ಬಿದ್ದ ಮ್ಯಾಲ. ನಿಮ್ಮ ಮನ್ಯಾಗೂ ಕೇಳಬೇಕಲ್ಲ."

ನಾನು ಅತ್ತುಬಿಟ್ಟೆ. ಅಳುತ್ತಲೇ ನಕ್ಕೆ. ಮಾಸ್ತರು ಹಲಗೆ ಕೆಳಗಿಟ್ಟು ಹತ್ತಿರ ಬಂದರು.

"ಏನರ ಅನ್ರೀ," ಅಂದೆ.

"ಮಾತು ಆಮ್ಯಾಲ ಅಂದಿದ್ರಿ ನೀವು. ಈಗ ಆಡಬಹುದೇನು?" ಜೇಬಿನಿಂದ ಮಡಚಿದ ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹತ್ತೊಂಬತ್ತು. "ಅವತ್ತೇ ಸಿಲೆಕ್ಟ್ ಆಗಬೇಕಂತ ಇತ್ರೀ."

ಸಿನಿಮಾದಲ್ಲಿ ಆ ಸೀನನ್ನು ಅಂಜನಾ ನನಗಿಂತ ಚೆನ್ನಾಗಿ ಮಾಡಿದ್ದಾಳೆ. ನನ್ನ ಟೇಕ್ ವಕಾರ್ ಹತ್ತಿರ ಇದೆ, ಡಿಲೀಟ್ ಮಾಡಿಲ್ಲ. ಈಗ ನಾನು ಕಲಬುರಗಿಯಿಂದ ಕಮಲಾಪುರದ ಬಸ್ಸಿಗೆ ಮನೆಗೆ ಬರುತ್ತೇನೆ. ಅವರ ಹೆಸರನ್ನು ಸುಮ್ಮನೆ ಕರೆಯುವುದಿಲ್ಲ, ಎಲ್ಲರ ಹಾಗೆ ಮಾಸ್ತರ್ರೇ ಅನ್ನುತ್ತೇನೆ. ಕೆಲವು ಸಂಜೆ ಬಾಗಿಲಿಗೆ ಒಂದು ಕೈ ಅಡ್ಡ ಬಂದಿರುತ್ತದೆ. ಅತ್ತೆಯದಲ್ಲ, ಅವರದು. ಬ್ಯಾಗು ಭಾರವಿದ್ದರೆ ಬೈಯುತ್ತೇನೆ. ಬೈದ ಮೇಲೆ ಹೆಸರು ಹೇಳುತ್ತೇನೆ.