ಹಾಲು ಉಕ್ಕಿದ ಮನೆ

"ಸಾಹೇಬ್ರ, ಈ ಹೊಸ್ತಿಲ ಒಯ್ಯಬ್ಯಾಡ್ರಿ. ಇದರಾಗ ಮಾಟದ ಮೊಳಿ ಹೊಡದಾರ."

ವರ್ತಕ ನಗರದಲ್ಲಿ ಹಳೆಯ ಕಟ್ಟಡ ಕೆಡವುತ್ತಿದ್ದ ಕಲಬುರಗಿಯ ಹಣಮಂತ್ರಾಯ ಹಾಗೆಂದಾಗ ಸಮಿತ್‌ಗೆ ನಗು ಬಂತು. ಮೊಣಕಾಲೆತ್ತರದ ಮನೆಗಳನ್ನು ಕಟ್ಟಿ, ನೋಡಿದವರು ನಿಜವೆಂದು ನಂಬುವಂತೆ ಫೋಟೋ ತೆಗೆಯುವುದು ಅವನ ಕಸುಬು. ಈ ಸಲ ಒಬ್ಬ ಬಿಲ್ಡರನ ಕ್ಯಾಲೆಂಡರಿಗೆ ಗೃಹಪ್ರವೇಶದ ದೃಶ್ಯ ಬೇಕಿತ್ತು. ಅದಕ್ಕೆ ಹಳೆಯ ತೇಗವೇ ಆಗಬೇಕೆಂದು ಸಮಿತ್ ಹಟ ಹಿಡಿದಿದ್ದ.

ಅದನ್ನು ಕೇಳಿ ಹಣಮಂತ್ರಾಯ ಎಂದ: "ಗೃಹಪ್ರವೇಶ ಅಂದ್ರ, ಹಾಲು ಮಾತ್ರ ಉಕ್ಕಿಸಬ್ಯಾಡ್ರಿ. ಹಾಲು ಉಕ್ಕಿದ ಮನಿ ಖಾಲಿ ಇರಂಗಿಲ್ಲ, ಒಬ್ಬರರೆ ಮಲಗಬೇಕು. ಇಲ್ಲಂದ್ರ ಇದು ತಾನ ಕರ್ಕೊಂತದ."

"ಇಷ್ಟು ಸಣ್ಣ ಮನೆಯಲ್ಲಿ ಯಾರು ಮಲಗುದು ಮಾರಾಯ, ಇರುವೆಯಾ?" ಎಂದ ಸಮಿತ್, ಮೊಳೆಗಳನ್ನು ಅಲ್ಲೇ ಕಿತ್ತೆಸೆದ. ಕೆಟ್ಟ ಮೇಲೆಯೇ ಬುದ್ಧಿ ಬರುವ ಪೈಕಿ ಅವನು.

ಆ ಹೊಸ್ತಿಲನ್ನು ಕೊಯ್ದು ಪುಟ್ಟ ಮನೆ ಕಟ್ಟಿ ಮುಗಿಸಿದ ದಿನ, ಖಾರಘರದ ತನ್ನ ಫ್ಲ್ಯಾಟಿನಲ್ಲಿ ಸಂಜೆ ಐದಕ್ಕೇ ಕಪ್ಪು ಪರದೆ ಎಳೆದು ಕತ್ತಲೆ ಮಾಡಿಕೊಂಡ. ಹೆಂಡತಿ ಶರ್ಮಿಳಾ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಆರು ವರ್ಷದ ಮಗಳು ಅನುಷ್ಕಾ ಹಳದಿ ಫ್ರಾಕಿನಲ್ಲೇ ಒಳಕೋಣೆಯಲ್ಲಿ ಮಲಗಿದ್ದಳು. ಬೆರಳ ತುದಿಯಷ್ಟು ಪಾತ್ರೆ, ಅಡಿಯಲ್ಲಿ ಕರ್ಪೂರ, ಒಳಗೆ ನಿಜವಾದ ಹಾಲು. ಹಾಲು ಉಕ್ಕಿತು. ಸೀದ ಕೂದಲಿನ ವಾಸನೆ ಎದ್ದಿತು. ಅವನು ಕ್ಯಾಮೆರಾದ ಗುಂಡಿ ಒತ್ತಿದ.

ಚಿತ್ರದಲ್ಲಿ, ಪುಟ್ಟ ಮನೆಯ ಚಾಪೆಯ ಮೇಲೆ, ತಾನು ಇಟ್ಟಿರದ ಒಂದು ಆಕೃತಿ ಮಸುಕಾಗಿ ಮಲಗಿತ್ತು. ಇನ್ನೊಂದು ತೆಗೆದ. ಈಗ ಹಳದಿ ಫ್ರಾಕು. ಎರಡು ಜಡೆ.

ಒಳಗೆ ಓಡಿದ. ಅನುಷ್ಕಾ ಮಂಚದ ಮೇಲಿದ್ದಳು, ಆದರೆ ಅವಳ ಮೈಯ ಮೂಲಕ ಚಾದರದ ಹೂಗಳು ಕಾಣುತ್ತಿದ್ದವು. ಮುಟ್ಟಿದ. ಕೈಗೆ ಸಿಕ್ಕಿದ್ದು ಬರೀ ತಣ್ಣನೆಯ ಗಾಳಿ. ಮನೆಯನ್ನು ಚಚ್ಚಿಹಾಕಲು ಸುತ್ತಿಗೆ ಎತ್ತಿದ.

"ಪಪ್ಪಾ." ಆ ಸಣ್ಣ ದನಿ ಚಾಪೆಯ ಮೇಲಿಂದ ಬಂತು.

ಕೈ ಅಲ್ಲೇ ನಿಂತಿತು. ಮನೆ ಒಡೆದರೆ ಮಗಳೂ ಹೋದಳು.

"ಅವಳನ್ನು ಬಿಡು," ಎಂದ. "ನಾನು ಮಲಗ್ತೇನೆ."

ಕ್ಯಾಮೆರಾದ ಟೈಮರ್ ಒತ್ತಿದ. ಪುಟ್ಟ ಮನೆಯ ಹೊಸ್ತಿಲಿಗೆ ಹಣೆ ಹಚ್ಚಿದ. ಹತ್ತು ಸೆಕೆಂಡು. ಕರ್ಪೂರ ಚಟಗುಟ್ಟಿತು. ಕ್ಲಿಕ್.

ಅರ್ಧ ಗಂಟೆಯ ಬಳಿಕ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಹಣ್ಣಾಗಿ ಬಂದ ಶರ್ಮಿಳಾ ಬಾಗಿಲು ತೆರೆದಾಗ ಒಳಗೆಲ್ಲ ಹೊಗೆ. ಮೇಜಿನ ಮೇಲಿನ ಪುಟ್ಟ ಮನೆಯ ಅಡುಗೆಕೋಣೆ ಹೊತ್ತಿಕೊಂಡಿತ್ತು. ಸಮಿತ್ ಎಲ್ಲೂ ಕಾಣಲಿಲ್ಲ.

"ಮಗುವನ್ನು ಬಿಟ್ಟು ಎಲ್ಲಿ ಸಾಯ್ಲಿಕ್ಕೆ ಹೋದ್ರಪ್ಪ ಇವರು," ಎಂದು ಬೈಯುತ್ತ ಅವಳು ದೊಡ್ಡ ಚೊಂಬಿನ ನೀರನ್ನು ಅದರ ಮೇಲೆ ಸುರಿದಳು. ಬೆಂಕಿ ಆರಿತು. ನೀರು ಕೋಣೆಗಳಲ್ಲಿ ತುಂಬಿ ಹೊಸ್ತಿಲು ದಾಟಿ ಹರಿಯಿತು.

ಕಣ್ಣುಜ್ಜುತ್ತ ಅನುಷ್ಕಾ ಎದ್ದು ಬಂದಳು.

"ಮಮ್ಮಿ, ಪಾನೀ ಮತ್ ಡಾಲೋ. ನೀರು ಹಾಕ್ಬೇಡ, ಪಪ್ಪಾ ಆ ಮನೆಯೊಳಗೆ ಮಲಗಿದ್ದಾರೆ."

ಶರ್ಮಿಳಾಳ ಕೈಯಲ್ಲಿದ್ದ ಚೊಂಬು ಖಾಲಿಯಾಗಿತ್ತು.